ಅಜ್ಜಯ್ಯನ ಹೆಸರು ಹೇಳಿದ ದಿನ

ಕರಡಿ.

ಈ ಪದವನ್ನು ಇದೊಂದೇ ಸಲ ಬರೆಯುತ್ತೇನೆ, ಯಾರ ಸುದ್ದಿ ಎಂದು ಓದುವವರಿಗೆ ತಿಳಿಯಲಿ ಅಂತ. ಇನ್ನು ಮುಂದೆ ಅವನು ಅಜ್ಜಯ್ಯ. ನಾವು ಉತ್ತರದ ಹಿಮಕಾಡಿನ ಕ್ರೀ ಬುಡಕಟ್ಟಿನ ಜನ ಅವನನ್ನು ಹಾಗೇ ಕರೆಯುವುದು, ಇಲ್ಲವೇ ಮೋಟುಬಾಲದವನು ಎನ್ನುವುದು. ಅವನ ಕಿವಿ ಸೂಕ್ಷ್ಮ. ಕಾಡಿನ ಯಾವ ಮೂಲೆಯಲ್ಲಿದ್ದರೂ ತನ್ನ ಹೆಸರು ಹಿಡಿದು ಜಂಬ ಕೊಚ್ಚುವವರ ಮಾತು ಅವನಿಗೆ ಕೇಳಿಸುತ್ತದೆ. ಕೇಳಿಸಿದರೆ ಸಿಟ್ಟಾಗುವುದಿಲ್ಲ. ಬರುವುದಿಲ್ಲ, ಅಷ್ಟೆ. ಅವನನ್ನು ಯಾರೂ ಗೆಲ್ಲುವುದಿಲ್ಲ. ಮರ್ಯಾದೆ ಬಲ್ಲವರಿಗೆ ಅವನೇ ತನ್ನನ್ನು ಕೊಟ್ಟುಕೊಳ್ಳುತ್ತಾನೆ.

ಇದೆಲ್ಲ ಈಗ ನನಗೆ ಗೊತ್ತು. ಮೂವತ್ತನಾಲ್ಕು ವರ್ಷ ತುಂಬುವವರೆಗೆ ಗೊತ್ತಿರಲಿಲ್ಲ.

ನನ್ನ ಮಗಳು ವರ್ನಾಗೆ ಆಗ ಹದಿನಾಲ್ಕು. ಕಿವಿಗೆ ಸದಾ ವಾಕ್‌ಮನ್, ಬಾಯಲ್ಲಿ ಚೂಯಿಂಗ್ ಗಮ್, ಮೈಮೇಲೆ ಐಸ್ ಹಾಕಿ ತಂಡದ ಜಾಕೆಟ್ಟು. ಆಗಸ್ಟ್ ಕೊನೆಯ ಒಂದು ಸಂಜೆ ನನ್ನ ಸೋದರಮಾವ ಏಬೆಲ್ ನಮ್ಮ ಮನೆ ಮೆಟ್ಟಿಲ ಮೇಲೆ ಬಂದು ಕೂತು, ಚಹಾ ಮುಗಿಸಿ ಅಂದ:

"ಎಲೆ ಹಳದಿಯಾದ ಮೇಲೆ ಹುಡುಗೀನ ಕರ್ಕೊಂಡು ಹೋಗ್ತೀನಿ. ಮೇಲಿನ ಹೊಳೆಗೆ. ಅಜ್ಜಯ್ಯ ಹಣ್ಣು ತಿನ್ನೋಕೆ ಬರೋ ಜಾಗಕ್ಕೆ."

ಖಾಲಿ ಲೋಟ ಎತ್ತಿಕೊಂಡೆ. "ಇನ್ನೂ ಚಿಕ್ಕವಳು ಮಾವ. ಮುಂದಿನ ವರ್ಷ ಹೋದರಾಯ್ತು."

ಮಾವ ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು ಬೆರಳು ಆಡಿಸಿದ. "ಮುಂದಿನ ವರ್ಷ ಈ ಕೈನೂ ಕಾಣಲ್ಲ ನಂಗೆ."

ಎಡಗಣ್ಣು ಹಿಂದಿನ ಚಳಿಗಾಲದಲ್ಲೇ ಹೋಗಿತ್ತು. ಬಲಗಣ್ಣಿಗೆ ಅಂಚಿನಿಂದ ಕತ್ತಲು ಒತ್ತಿಕೊಂಡು ಬರುತ್ತಿದೆ ಎಂದು ಆಸ್ಪತ್ರೆಯವರು ಹೇಳಿದ್ದರು. ನಮ್ಮ ಕುಟುಂಬದ ಬೇಟೆನೆಲದಲ್ಲಿ ಅರ್ಧವನ್ನು ಅಣೆಕಟ್ಟಿನವರು ಮುಳುಗಿಸಿದ್ದಾರೆ. ಉಳಿದ ಅರ್ಧದ ದಾರಿ ಬಲ್ಲವನು ಮಾವ ಒಬ್ಬನೇ. ಈ ಸಲ ವರ್ನಾ ಅವನ ಹಿಂದೆ ನಡೆಯದಿದ್ದರೆ ಆ ದಾರಿ ಅವನ ಕಣ್ಣಿನ ಜೊತೆಗೇ ಮುಚ್ಚಿಹೋಗುತ್ತದೆ. ಇದು ಮೂವರಿಗೂ ಗೊತ್ತಿತ್ತು, ಚೂಯಿಂಗ್ ಗಮ್ ಅಗಿಯುತ್ತಿದ್ದವಳಿಗೂ.

"ನಾನು ಬರ್ತೀನಿ ತಾತ," ಅಂದಳು ವರ್ನಾ.

"ಅದನ್ನ ಉಗಿ ಮೊದಲು," ಅಂದ ಮಾವ. "ನೀನು ಅಗಿಯೋ ಸದ್ದು ಆಚೆ ದಡಕ್ಕೆ ಕೇಳ್ತಿದೆ."

ಆಮೇಲೆ ಚೀಲದಿಂದ ಹೊಗೆ ಹಾಕಿ ಹದ ಮಾಡಿದ ಮೂಸ್ ಕಡವೆಯ ಚರ್ಮದ ತುಂಡೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟ. "ಹೊರೆದಾರ ನೀನೇ ಹೆಣೀಬೇಕು. ತಾಯಿ ಕೈಯಿಂದಾನೇ ಆಗಬೇಕು, ಗೊತ್ತಲ್ಲ?"

"ಹೂಂ, ಗೊತ್ತು," ಅಂದೆ.

ಸುಳ್ಳು ಹೇಳಿದ್ದೆ. ಹೊರೆದಾರ ಎಂದರೆ ಮಕ್ಕಳ ಮೊದಲ ಬೇಟೆಯ ಮಾಂಸವನ್ನು ಕಟ್ಟಿ ಮನೆಗೆ ತರುವ ಹೆಣಿಗೆಯ ದಾರ, ಕೆಂಪು ಉಣ್ಣೆ ಸುತ್ತಿ ಮಣಿ ಪೋಣಿಸಿದ್ದು. ಬರಿಗೈಲಿ, ಬರಿಹಗ್ಗದಲ್ಲಿ ತಂದರೆ ತನ್ನನ್ನು ಕೊಟ್ಟುಕೊಳ್ಳಲು ಬಂದವನಿಗೆ ಅವಮಾನ. ಇಷ್ಟನ್ನೂ ನಾನು ತಿಳಿದದ್ದು ಮರುದಿನ, ಜೆಮೈಮಾ ಅಜ್ಜಿಯ ಗುಡಾರಕ್ಕೆ ಕದ್ದು ಹೋಗಿ ಕೇಳಿದಾಗ. ಅಜ್ಜಿ ಕೊನೆ ಮನೆಯವಳು. ಊರಿನವರು ಕಟ್ಟಿಕೊಟ್ಟ ಮನೆಯನ್ನು ಮೀನು ಒಣಗಿಸಲು ಬಳಸಿ ತಾನು ಹಿತ್ತಲ ಗುಡಾರದಲ್ಲಿ ಇರುವವಳು.

"ಹೊಲಿಗೆ ಬರುತ್ತೇನೇ ನಿಂಗೆ?" ಎಂದು ಕೇಳಿದಳು.

"ಕರವಸ್ತ್ರಕ್ಕೆ ಅಂಚು ಹೊಲೀತೀನಿ. ಅಡ್ಡಹೊಲಿಗೆ ಹಾಕಿ 'ದೇವರು ಈ ಮನೆಯನ್ನು ಕಾಯಲಿ' ಅಂತ ಬರೀತೀನಿ."

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅಯ್ಯೋ ಪಾಪ, ಯಾರ ಮನೇನ ಕಾಯಲಿ ಅಂತ ಬರೆಸಿದ್ರೋ! ಕೂತ್ಕೋ. ಮೂರು ಎಳೆ. ಅದನ್ನಲ್ಲ, ಇದನ್ನ ಹಿಡಿ. ಬಿಗಿ ಮಾಡಬೇಡ, ಕತ್ತು ಹಿಸುಕೋ ಹಾಗೆ. ಇದು ಹೊತ್ತು ತರೋ ದಾರ, ಎಳೆದು ತರೋ ಹಗ್ಗ ಅಲ್ಲ."

ಬೆರಳು ತಪ್ಪಿದಾಗಲೆಲ್ಲ ಅಜ್ಜಿ ಬೈಯುತ್ತಿದ್ದಳು. ಅವಳ ಬೈಗುಳ ಎಷ್ಟು ಹಿತವಾಗಿತ್ತೆಂದರೆ ನಾನು ಕೆಲವು ಸಲ ಬೇಕೆಂದೇ ತಪ್ಪುತ್ತಿದ್ದೆ. ಹಿಂದೆ ಹೊಲಿಗೆ ಕಲಿತಾಗ ನನ್ನ ಬೆರಳಿನ ತಪ್ಪಿಗೆ ಅಳತೆಪಟ್ಟಿ ಉತ್ತರ ಕೊಡುತ್ತಿತ್ತು.

ಇತ್ತ ವರ್ನಾಳ ಪಾಠ ಶುರುವಾಗಿತ್ತು. ಮೊದಲ ದಿನ ಮಾವ ಅವಳನ್ನು ಹೊಳೆದಡದ ಬಂಡೆಯ ಮೇಲೆ ಒಂದು ಗಂಟೆ ಸುಮ್ಮನೆ ಕೂರಿಸಿದ. ಬಂದೂಕಿಲ್ಲ, ವಾಕ್‌ಮನ್ ಇಲ್ಲ.

"ಏನು ಕೇಳಿಸ್ತು?"

"ಏನೂ ಇಲ್ಲ ತಾತ."

"ನಾಳೆ ಮತ್ತೆ ಕೂತ್ಕೋ."

ಮೂರನೆಯ ದಿನ ಅವಳು ಕೆನ್ನೆ ಕೆಂಪಾಗಿಸಿಕೊಂಡು ಬಂದಳು. "ಬೂದುಹಕ್ಕಿ ಬೈತಾ ಇತ್ತು ತಾತ!"

"ಯಾರಿಗೆ?"

"ನಂಗೇ. ನಾನು ಅಲ್ಲಾಡಿದಾಗೆಲ್ಲ."

"ಹಾಂ. ಅದು ಬೈಯೋದು ಬಿಟ್ಟ ದಿನ ಹೇಳು, ಬಂದೂಕು ಕೊಡ್ತೀನಿ."

ಹಕ್ಕಿ ಬೈಯುವುದನ್ನು ಬಿಡಲು ಇನ್ನೂ ಆರು ದಿನ ಬೇಕಾಯಿತು. ಆಮೇಲೆ ಮಾವನ ಹಳೆಯ ರೈಫಲ್ ಅವಳ ಕೈಗೆ ಬಂತು. ಕೊಬ್ಬಿನ ಡಬ್ಬಿಯ ಮುಚ್ಚಳವನ್ನು ಸ್ಪ್ರೂಸ್ ಮರಕ್ಕೆ ತೂಗುಹಾಕಿ ಗುರಿ. ದಿನಕ್ಕೆ ಎರಡೇ ಗುಂಡು. "ಹೊಡೆಯೋದನ್ನ ಯಾರು ಬೇಕಾದ್ರೂ ಕಲೀತಾರೆ," ಅನ್ನುತ್ತಿದ್ದ ಮಾವ, "ಹೊಡೀದೇ ಇರೋದನ್ನ ಕಲಿ." ತಾಯಿ ಮರಿಗಳ ಜೊತೆ ಬಂದರೆ ಬಂದೂಕು ಕೆಳಗೆ. ಗಾಳಿ ನಮ್ಮ ಬೆನ್ನಿಂದ ಬೀಸಿದರೆ ಎದ್ದು ಮನೆಗೆ. ಬಂದವನು ನಿನ್ನ ಕಡೆ ನೋಡಿದರೆ, ಅವನು ನೋಡಿ ಮುಗಿಸುವವರೆಗೆ ಕಾಯುವುದು.

ಇನ್ನೊಂದು ದಿನ ಅವಳ ತಲೆಯ ಬಳಿ ಮೂಗು ತಂದು, "ಇದೇನೇ ವಾಸನೆ?" ಅಂದ.

"ಶಾಂಪೂ ತಾತ. ಸ್ಟ್ರಾಬೆರಿ."

"ಸರಿಹೋಯ್ತು. ಅಜ್ಜಯ್ಯ ಹಣ್ಣು ಬಿಟ್ಟು ನಿನ್ನ ತಲೇನೇ ತಿಂತಾನೆ."

ಆ ಇಡೀ ವಾರ ನನ್ನ ಮಗಳು ಶಾಂಪೂ ಇಲ್ಲ, ಸೋಪಿಲ್ಲ, ಬರೀ ಹೊಳೆನೀರಿನಲ್ಲಿ ತಲೆ ತೊಳೆದಳು. ಹಾಕಿ ಜಾಕೆಟ್ಟನ್ನು ಒಲೆಯ ಹೊಗೆಗೆ ತೂಗಿಸಿದಳು. ನಾನು ಅಡುಗೆಮನೆಯಲ್ಲಿ ಮಣಿ ಪೋಣಿಸುತ್ತ ಕಿಟಕಿಯಿಂದ ನೋಡುತ್ತಿದ್ದೆ. ಮುದುಕನ ಹಿಂದೆ ಹುಡುಗಿ, ಅವನು ಕಾಲಿಟ್ಟಲ್ಲಿ ಕಾಲಿಡುತ್ತ. ಅವನು ಎಡವಿದಾಗ ಅವಳು ಕೈ ಹಿಡಿಯುತ್ತಿರಲಿಲ್ಲ. ಕೆಮ್ಮುತ್ತಿದ್ದಳು, ಇಲ್ಲೊಂದು ಬೇರಿದೆ ಎಂದು ಅವನಿಗೆ ತಿಳಿಯುವಂತೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾವನಿಗೆ ಇದು ಹೊಸ ಕೆಲಸವಲ್ಲ. ಇಪ್ಪತ್ತೈದು ವರ್ಷ, ಪ್ರತಿ ಎಲೆ ಉದುರುವ ಕಾಲದಲ್ಲಿ, ಅವನು ದಕ್ಷಿಣದ ಕೆರೆಯೊಂದರ ಬಳಿ ಹೊರಗಿನವರ ಬೇಟೆ ಶಿಬಿರದಲ್ಲಿ ದಾರಿ ತೋರಿಸುವವನಾಗಿದ್ದ. ಅವರು ಊಟದ ಮೇಜಿನ ಮೇಲೆ ಅಜ್ಜಯ್ಯನ ಹೆಸರನ್ನು ಕೂಗಿ ಕೂಗಿ ಹೇಳುತ್ತಿದ್ದರು. ಮಾವ ಗುಡಾರದ ಹಿಂದೆ ಹೋಗಿ, ಒಂದು ಚಿಟಿಕೆ ಹೊಗೆಸೊಪ್ಪು ನೆಲಕ್ಕಿಟ್ಟು, ಅವರ ಪರವಾಗಿ ಕ್ಷಮೆ ಕೇಳುತ್ತಿದ್ದ. ಅವರು ತಲೆಬುರುಡೆಗೆ ಟೇಪು ಹಿಡಿದು ಅಳೆದು ಗೋಡೆಗೆ ಹಾಕಲು ಒಯ್ಯುತ್ತಿದ್ದರು. ನಮ್ಮಲ್ಲಿ ಅದನ್ನು ತೊಳೆದು, ಬಣ್ಣ ಹಚ್ಚಿ, ನಾಯಿ ಮುಟ್ಟದ ಎತ್ತರದಲ್ಲಿ ಮರಕ್ಕೆ ಕಟ್ಟುತ್ತೇವೆ, ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ.

ಮಾವನ ಬಳಿ ಆ ಕಾಲದ ಒಂದೇ ಒಂದು ಫೋಟೋ ಇತ್ತು. ವರ್ನಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಗುತ್ತಿರುವ ಇಬ್ಬರು ಗಂಡಸರು, ನಡುವೆ ಮಲಗಿರುವ ಅಜ್ಜಯ್ಯ.

"ಇದ್ರಲ್ಲಿ ನೀನೆಲ್ಲಿ ತಾತ?"

"ಮೂಲೇಲಿ ಬೂಟು ಕಾಣುತ್ತಲ್ಲ?"

"ಹೂಂ."

"ಅದು ನಂದೇ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಆ ಬೂಟನ್ನೇ ಬಹಳ ಹೊತ್ತು ನೋಡಿದಳು.

ಶನಿವಾರ ಹೊರಡುವುದೆಂದು ನಿಶ್ಚಯವಾಯಿತು. ಶರತ್ಕಾಲದಲ್ಲಿ ಎರಡು ವಾರ ನಮ್ಮೂರ ಶಾಲೆಗೆ ರಜೆ, ಮಕ್ಕಳು ಕಾಡಿಗೆ ಹೋಗಲಿ ಎಂದು. ನಾವು ತಂದೆತಾಯಿಗಳು ಜಗಳವಾಡಿ ಪಡೆದ ರಜೆ ಅದು. ಬುಧವಾರ ದೋಣಿಗೆ ಸಾಮಾನು ಬಿತ್ತು: ಗುಡಾರ, ತಗಡಿನ ಒಲೆ, ಹಿಟ್ಟು, ಕೊಬ್ಬು, ಚಹಾಪುಡಿ. ಹೊರೆದಾರವೂ ಮುಗಿದಿತ್ತು. ಜೆಮೈಮಾ ಅಜ್ಜಿ ಅದನ್ನು ಮೂಸಿ, ಎಳೆದು, ಹಲ್ಲಿಲ್ಲದ ವಸಡಿನಿಂದ ಕಚ್ಚಿ, "ನಾಯಿಗೆ ಕಟ್ಟೋಕೆ ಅಡ್ಡಿಯಿಲ್ಲ," ಅಂದಳು. ಅವಳ ಬಾಯಿಂದ ಅದು ಚಿನ್ನದ ಪದಕ.

ಹಿಗ್ಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುರುವಾರ ಮಧ್ಯಾಹ್ನ ಆಸ್ಪತ್ರೆಯ ನೆಲ ಒರೆಸಿ ಮುಗಿಸಿದವಳು ನೇರ ಊರ ರೇಡಿಯೋಗೆ ಹೋದೆ. ನಮ್ಮ ರೇಡಿಯೋ ಎಂದರೆ ಅಂಗಡಿಯ ಪಕ್ಕದ ಒಂದು ಕೋಣೆ, ಒಂದು ಮೈಕು, ಒಂದು ಫೋನು, ಮತ್ತು ಸಿಡ್ನಿ. ಹುಟ್ಟುಹಬ್ಬ, ಕಳೆದುಹೋದ ನಾಯಿ, ಬಿಂಗೋ ನಂಬರು, ಎಲ್ಲ ಅಲ್ಲೇ. ಇಡೀ ಊರು ಮಧ್ಯಾಹ್ನ ಅದನ್ನು ಹಾಕಿಕೊಂಡೇ ಉಣ್ಣುತ್ತದೆ.

"ಹ್ಯಾರಿಯೆಟ್ ಬಂದಿದ್ದಾಳೆ," ಅಂದ ಸಿಡ್ನಿ. "ಏನಮ್ಮಾ ಸಮಾಚಾರ?"

ನಾನು ಮೈಕಿಗೆ ಬಾಯಿಟ್ಟು ಹೇಳಿದೆ, ನನ್ನ ಮಗಳು ವರ್ನಾ ಶನಿವಾರ ಹೋಗುತ್ತಿದ್ದಾಳೆ, ಹೊಡೆದುಕೊಂಡೇ ಬರುತ್ತಾಳೆ, ಮುಂದಿನ ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ಯಾರನ್ನು ಹೊಡೆಯುತ್ತಾಳೆ ಎಂಬುದನ್ನೂ ಹೇಳಿದೆ. ಹೆಸರು ಹಿಡಿದು. ಎರಡು ಸಲ.

ಸಿಡ್ನಿಯ ಮುಖ ಬಿಳಿಚಿತು. ಒಂದು ಸಲ ಕೆಮ್ಮಿ, ಪಿಟೀಲಿನ ಹಾಡು ಹಾಕಿಬಿಟ್ಟ. ಆ ದಿನ ಯಾರ ಹುಟ್ಟುಹಬ್ಬವನ್ನೂ ಹೇಳಲಿಲ್ಲ. ನನಗೆ ಇದ್ಯಾವುದೂ ಅರ್ಥವಾಗದೆ ಸಿಳ್ಳೆ ಹಾಕುತ್ತ ಮನೆಗೆ ಬಂದೆ.

ಸಂಜೆ ಕಿಟಕಿಯಿಂದ ನೋಡಿದರೆ, ಮಾವ ದೋಣಿಯಿಂದ ಗುಡಾರವನ್ನು ಇಳಿಸುತ್ತಿದ್ದ. ಓಡಿದೆ.

"ಯಾಕೆ ಮಾವ? ಏನಾಯ್ತು?"

"ಗಾಳಿ ಸರಿಯಿಲ್ಲ," ಅಂದ ಮಾವ, ಹೊಳೆ ಕನ್ನಡಿಯ ಹಾಗೆ ನಿಂತಿದ್ದರೂ.

"ಹಾಗಾದ್ರೆ ಸೋಮವಾರ?"

"ಈ ವರ್ಷ ಗಾಳಿ ಸರಿಯಾಗಲ್ಲ ಹ್ಯಾರಿಯೆಟ್." ನನ್ನ ಭುಜ ಮುಟ್ಟಿದ. ಬೈಯಲಿಲ್ಲ. ತಗಡಿನ ಒಲೆಯನ್ನು ಬೆನ್ನಿಗೇರಿಸಿಕೊಂಡು ಮೆಲ್ಲಗೆ ದಡ ಹತ್ತಿ ಹೋದ. ದಾರಿಯ ಕಲ್ಲಿಗೆ ಎಡವಿದಾಗ ಕೆಮ್ಮಲು ಅಲ್ಲಿ ಯಾರೂ ಇರಲಿಲ್ಲ.

ಮನೆಯಲ್ಲಿ ವರ್ನಾ ನಿಂತಿದ್ದಳು, ಕಣ್ಣು ಕೆಂಡ.

"ಹೆಸರು ಹೇಳಿಬಿಟ್ಟೆಯಲ್ಲಮ್ಮಾ! ರೇಡಿಯೋದಲ್ಲಿ! ಹೊಡ್ಕೊಂಡೇ ಬರ್ತಾಳೆ ಅಂದೆ!"

"ಹೇಳಿದ್ರೆ ಏನಾಯ್ತೇ?"

"ಹೇಳಬಾರದು! ಅವನಿಗೆ ಕೇಳುತ್ತೆ! ಜಂಬ ಕೊಚ್ಚಿದವರ ಹತ್ರ ಅವನು ಬರಲ್ಲ. ತಾತ ಮೊದಲನೇ ದಿನಾನೇ ಹೇಳಿಕೊಟ್ಟ. ಐದು ವರ್ಷದ ಮಗೂಗೂ ಗೊತ್ತು. ನಿಂಗೆ ಅಷ್ಟೂ ಗೊತ್ತಿಲ್ವಾ? ನೀನು ಯಾವ ಊರವಳು?"

ಮಗಳು ಕೇಳಿದ ಆ ಕೊನೆಯ ಪ್ರಶ್ನೆಗೆ ನಾನು ಕುರ್ಚಿ ಎಳೆದು ಕೂತೆ. ಅವಳಿಗೆ ಎಂದೂ ಹೇಳಿರಲಿಲ್ಲ. ಅವಳಿಗೇನು, ಯಾರಿಗೂ.

"ನಾನು ಬೇಸಿಗೆಯವಳು ವರ್ನಾ," ಅಂದೆ. "ನಂಗೆ ಬೇಸಿಗೆ ಮಾತ್ರ ಗೊತ್ತು. ಮೀನು ಬಿಡಿಸೋದು ಗೊತ್ತು, ಹಣ್ಣು ಆರಿಸೋದು ಗೊತ್ತು, ಸೊಳ್ಳೆಗೆ ಹೊಗೆ ಹಾಕೋದು ಗೊತ್ತು. ಎಲೆ ಹಳದಿಯಾಗೋ ಹೊತ್ತಿಗೆ ನಾನು ಇಲ್ಲಿ ಇರ್ತಾನೇ ಇರಲಿಲ್ಲ."

ಹೇಳಿದೆ. ಆಗಸ್ಟ್ ಕೊನೆಯಲ್ಲಿ ಹೊಳೆಯ ಮೇಲೆ ಇಳಿಯುತ್ತಿದ್ದ ವಿಮಾನ. ಕಾಗದ ಹಿಡಿದು ಹೆಸರು ಓದುತ್ತಿದ್ದ ಸರ್ಕಾರದವನು. ಏಳು ವರ್ಷದ ನಾನು. ದೂರದ ಅವರ ವಸತಿಶಾಲೆಯಲ್ಲಿ ಕೂದಲು ಕತ್ತರಿಸಿ ಕೊಟ್ಟ ನಂಬರು, ನಲವತ್ತೊಂದು. ನಮ್ಮ ಭಾಷೆಯಲ್ಲಿ ನೀರು ಕೇಳಿದರೆ ನೀರಿಲ್ಲ. ಜೂನ್‌ನಲ್ಲಿ ಮರಳಿ ಕಳಿಸುತ್ತಿದ್ದರು, ಎರಡು ತಿಂಗಳಿಗೆ, ಸಾಲ ಕೊಟ್ಟ ಹಾಗೆ. ಏಳರಿಂದ ಹದಿನೈದರವರೆಗೆ, ಎಂಟು ವರ್ಷ. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು, ಚಳಿಗಾಲದಲ್ಲಿ. ನನಗೆ ತಿಳಿದದ್ದು ಬೇಸಿಗೆಯಲ್ಲಿ. ಆಮೇಲೆ ಪಟ್ಟಣದ ಲಾಂಡ್ರಿ. ನಾಲ್ಕು ವರ್ಷದ ಇವಳನ್ನು ಎತ್ತಿಕೊಂಡು ಊರಿಗೆ ಮರಳಿದಾಗ ಕೇಳಲು ಯಾರೂ ಉಳಿದಿರಲಿಲ್ಲ, ಇದ್ದವರನ್ನು ಕೇಳಲು ನನಗೆ ನಾಚಿಕೆ.

ಆ ವಿಮಾನ ಯಾಕೆ ಸರಿಯಾಗಿ ಆಗಲೇ ಬರುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಜ್ಜಯ್ಯ ಹಣ್ಣಿಗೆ ಇಳಿಯುವ ಮುಂಚೆ, ಮಕ್ಕಳು ಹಿರಿಯರ ಹಿಂದೆ ನಡೆದು ಕಲಿಯುವ ಕಾಲಕ್ಕೆ ಸರಿಯಾಗಿ. ಅವರ ಶಾಲೆಯ ಕ್ಯಾಲೆಂಡರು ಹಾಗಿತ್ತು, ಅಷ್ಟೆ ಎನ್ನುತ್ತಾರೆ. ಇರಲಿ. ಒಂದು ಜನದ ಬದುಕಿನಿಂದ ಅದರ ಶರತ್ಕಾಲವನ್ನೇ ಕಿತ್ತುಕೊಳ್ಳಲು ಫಿರಂಗಿ ಬೇಕಾಗಲಿಲ್ಲ. ಗೋಡೆಗೆ ತೂಗುಹಾಕುವ ಒಂದು ಕ್ಯಾಲೆಂಡರು ಸಾಕಾಯಿತು. ಮತ್ತೆ ಹೆಸರಿನ ಮಾತು: ಶಾಲೆಯಲ್ಲಿ ಅವರೂ ನಮ್ಮ ಹೆಸರು ಹೇಳುತ್ತಿರಲಿಲ್ಲ. ಗೌರವಕ್ಕೆ ಹೆಸರು ಹೇಳದಿರುವುದನ್ನು ಬಲ್ಲ ಜನರ ಮಕ್ಕಳನ್ನು ಒಯ್ದು, ತಾತ್ಸಾರಕ್ಕೆ ಹೆಸರು ಹೇಳದಿರುವುದು ಹೇಗೆಂದು ತೋರಿಸಿದರು.

ವರ್ನಾ ನೆಲದ ಮೇಲೆ ಕೂತು ನನ್ನ ಮೊಣಕಾಲಿಗೆ ಕೆನ್ನೆಯಿಟ್ಟಿದ್ದಳು. ಹೊಗೆ ಮತ್ತು ಹೊಳೆಯ ವಾಸನೆ ಅವಳ ಕೂದಲಿಗೆ.

"ನಲವತ್ತೊಂದಾ?" ಅಂದಳು.

"ಹೂಂ."

"ನನ್ನ ಹಾಕಿ ಜಾಕೆಟ್ ನಂಬರು ನಲವತ್ತೊಂದೇ ಇದ್ದಿದ್ದು ಮೊದಲು. ನೀನು ಬಿಚ್ಚಿಹಾಕಿ ಬೇರೆ ಹೊಲಿದೆ. ನಾನು ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆ."

"ಹೂಂ."

ಅವಳು ಎದ್ದಳು, ಮೂಗು ಒರೆಸಿಕೊಂಡಳು. "ನಾಳೆ ಮತ್ತೆ ರೇಡಿಯೋಗೆ ಹೋಗೋಣ. ಕೇಳಿಸಿದ್ದು ಅಲ್ಲಿಂದ ತಾನೇ? ತಪ್ಪಾಯ್ತು ಅನ್ನೋದೂ ಅಲ್ಲಿಂದಲೇ ಕೇಳಿಸಲಿ. ಏನು ಹೇಳಬೇಕು ಅಂತ ನಾನು ಹೇಳಿಕೊಡ್ತೀನಿ."

ಶುಕ್ರವಾರ ಮಧ್ಯಾಹ್ನ ಸಿಡ್ನಿ ನಮ್ಮಿಬ್ಬರನ್ನು ಬಾಗಿಲಲ್ಲೇ ತಡೆದ. "ಅಮ್ಮಾ, ಮತ್ತೆ ಅದೇ ವಿಷಯಾನಾ? ನನ್ನ ಹೊಟ್ಟೆಪಾಡು ಕಣಮ್ಮಾ ಇದು."

"ಹೆಸರು ಹೇಳಲ್ಲ ಸಿಡ್ನಿ. ಎರಡೇ ನಿಮಿಷ."

ಕೂತೆ. ವರ್ನಾ ಪಕ್ಕದಲ್ಲಿ. ಮೈಕಿನ ಕೆಂಪು ದೀಪ ಹತ್ತಿತು.

"ನಾನು ಹ್ಯಾರಿಯೆಟ್," ಅಂದೆ. "ನಿನ್ನೆ ಇಲ್ಲಿ ಕೂತು ಆಡಬಾರದ ಮಾತು ಆಡಿದೆ. ನಂಗೆ ಗೊತ್ತಿರಲಿಲ್ಲ. ನಾಚಿಕೆಯಾಗುತ್ತೆ ಹೇಳೋಕೆ, ಆದ್ರೂ ಹೇಳ್ತೀನಿ. ಎಲೆ ಉದುರೋ ಕಾಲದಲ್ಲಿ ನಾನು ಊರಲ್ಲಿ ಇರಲಿಲ್ಲ. ವಿಮಾನ ಕರ್ಕೊಂಡು ಹೋಗ್ತಿತ್ತು. ಎಂಟು ಸಲ. ಆ ಎಂಟು ಸಲದಲ್ಲಿ ಏನೇನು ಕಲೀಬೇಕಿತ್ತೋ ಅದು ಯಾವುದೂ ನಂಗೆ ಬರಲ್ಲ."

ವರ್ನಾ ಕಿವಿಯಲ್ಲಿ ಪಿಸುಗುಟ್ಟಿದಳು. "ನಾವು ಬಡವರು ಅನ್ನು. ಏನೂ ತಿಳೀದವರು ಅನ್ನು. ಬಾ ಅಂತ ಕರೀಬೇಡ."

"ಅಜ್ಜಯ್ಯ," ಅಂದೆ, "ನಾವು ಬಡವರು. ಏನೂ ತಿಳೀದವರು. ತಪ್ಪು ನಂದು, ಹುಡುಗೀದಲ್ಲ. ಅವಳು ಸರಿಯಾಗಿ ಕಲ್ತಿದ್ದಾಳೆ."

ಎದ್ದೆವು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸಿಡ್ನಿ ಒತ್ತಿದ. ಗ್ಯಾರೇಜಿನ ಮ್ಯಾಥ್ಯೂನ ದನಿ, ಹಿಂದೆ ಯಾವುದೋ ಇಂಜಿನ್ನಿನ ಗುಡುಗುಡು.

"ಹ್ಯಾರಿಯೆಟ್, ನಾನೂ ಅದೇ ವಿಮಾನದಲ್ಲಿದ್ದೆ, ನೆನಪಿದೆಯಾ? ನಿನ್ನ ಹಿಂದಿನ ಸೀಟು. ನಿನ್ನ ಜಡೆಗೆ ವಾಂತಿ ಮಾಡಿದ್ದೆ."

"ಮರೆಯೋ ಹಾಗಿಲ್ಲ ಮ್ಯಾಥ್ಯೂ."

"ಹೋದ ವರ್ಷ ನಾನೂ ಅಂಗಡಿ ಮುಂದೆ ನಿಂತು ಹೆಸರು ಹೇಳಿ ಜಂಬ ಹೊಡೆದೆ. ಎರಡು ವಾರ ಕಾಡಲ್ಲಿ ಕೂತೆ. ಸಿಕ್ಕಿದ್ದು ಬರೀ ನೆಗಡಿ. ಯಾಕೆ ಅಂತ ನಿನ್ನೆವರೆಗೂ ಗೊತ್ತಿರಲಿಲ್ಲ. ನಿನ್ನೆ ನನ್ನ ಹೆಂಡತಿ ರೇಡಿಯೋ ಕೇಳಿ ತಟ್ಟೆ ಕೆಳಗೆ ಬೀಳಿಸಿದಳಲ್ಲ, ಆಗ ಕೇಳಿ ತಿಳ್ಕೊಂಡೆ." ಮತ್ತೆ ಅಂದ: "ನಂದು ಏಳು."

"ಏನು ಏಳು?" ಎಂದ ಸಿಡ್ನಿ. ಅವನು ಕಿರಿಯ, ವಿಮಾನ ನಿಂತ ಮೇಲೆ ಶಾಲೆಗೆ ಸೇರಿದವನು.

"ಎಲೆ ಉದುರೋ ಕಾಲ," ಅಂದ ಮ್ಯಾಥ್ಯೂ, ಇಟ್ಟುಬಿಟ್ಟ.

ಫೋನು ಕೆಳಗಿಡುತ್ತಲೇ ಮತ್ತೆ ಬಡಿಯಿತು. ಹೆಸರು ಹೇಳದ ಹೆಂಗಸಿನ ದನಿ. "ಆರು." ಮತ್ತೊಂದು. "ಒಂಬತ್ತು. ಹೊರೆದಾರ ಹೆಣೆಯೋದು ನಂಗೂ ಬರಲ್ಲ, ಹ್ಯಾರಿಯೆಟ್. ನನ್ನ ಮಗನ ಮೊದಲ ಬಾತುಕೋಳೀನ ಪ್ಲಾಸ್ಟಿಕ್ ಚೀಲದಲ್ಲಿ ತಂದ್ವಿ." ಮತ್ತೊಂದು ಗಂಡಸಿನ ದನಿ. "ನಂದು ನಾಲ್ಕು. ನನ್ನ ತಮ್ಮಂದು ಒಂದೇ. ಅವನು ವಾಪಸ್ ಬರಲಿಲ್ಲ." ಆಮೇಲೆ ಆ ದನಿ ಹೋಗಲಿಲ್ಲ, ಮಾತೂ ಆಡಲಿಲ್ಲ, ಇಡೀ ಊರು ತಟ್ಟೆಯ ಮುಂದೆ ಕೂತು ಅವನ ಉಸಿರನ್ನು ಕೇಳಿಸಿಕೊಂಡಿತು. ಸಿಡ್ನಿ ಈ ಸಲ ಪಿಟೀಲು ಹಾಕಲಿಲ್ಲ.

ಒಂದು ಗಂಟೆ ಹೀಗೇ ನಡೆಯಿತು. ಕೊನೆಗೆ ಬಂದದ್ದು ಜೆಮೈಮಾ ಅಜ್ಜಿಯ ಫೋನು.

"ಅತ್ತಿದ್ದು ಸಾಕು ಮಾಡ್ರೋ. ಪಾಠ ಬೇಕು ತಾನೇ? ಮೊದಲನೇ ಪಾಠ ಕೇಳಿ: ಅವನ ವಿಷಯ ರೇಡಿಯೋದಲ್ಲಿ ಮಾತಾಡಬಾರದು! ನಿನ್ನೆಯಿಂದ ಅವನ ಕಿವಿ ಸುಟ್ಟುಹೋಗಿರಬೇಕು. ಎಲ್ಲರೂ ಬಾಯಿ ಮುಚ್ಕೊಂಡು ನನ್ನ ಗುಡಾರಕ್ಕೆ ಬನ್ನಿ. ಚಹಾಪುಡಿ ನೀವೇ ತನ್ನಿ."

ಸಿಡ್ನಿ ಮೇಜಿಗೆ ತಲೆಯಿಟ್ಟು ನಗುತ್ತಿದ್ದ. ಅಥವಾ ಅಳುತ್ತಿದ್ದನೋ. ನಾನು ನೋಡಲಿಲ್ಲ, ನನ್ನ ಕಣ್ಣೇ ತುಂಬಿತ್ತು.

ಆದರೆ ಅಜ್ಜಿಯ ಗುಡಾರಕ್ಕೆ ಮಾವ ಬರಲಿಲ್ಲ. ಅವನ ಮನೆಯಲ್ಲಿ ಫೋನಿಲ್ಲ, ರೇಡಿಯೋ ಇದೆ. ಕೇಳಿದನೋ ಇಲ್ಲವೋ ತಿಳಿಯಲಿಲ್ಲ. ಸಂಜೆ ವರ್ನಾ ಹೋಗಿ ನೋಡಿ ಬಂದಳು. "ತಾತ ಬಂಡೆ ಮೇಲೆ ಕೂತಿದ್ದಾನೆ," ಅಂದಳು. "ನನ್ನ ಬಂಡೆ ಮೇಲೆ. ನಾನು ಮಾತಾಡಿಸಲಿಲ್ಲ."

ಶನಿವಾರ ಬೆಳಗ್ಗೆ ಚಹಾಕ್ಕೆ ನೀರಿಟ್ಟಿದ್ದೆ. ದಡದಲ್ಲಿ ಮೋಟಾರು ಕೆಮ್ಮಿದ ಸದ್ದು. ಹೊರಗೆ ಬಂದರೆ ದೋಣಿಯಲ್ಲಿ ಗುಡಾರ, ತಗಡಿನ ಒಲೆ, ಹಿಟ್ಟು, ಎಲ್ಲವನ್ನೂ ಮೊದಲಿನಂತೆ ಕಟ್ಟಿ ಇಟ್ಟಿತ್ತು. ಮಾವ ದಡದಲ್ಲಿ ನಿಂತಿದ್ದ.

"ಗಾಳಿ ಸರಿಹೋಯ್ತಾ ಮಾವ?" ಅಂದೆ.

"ಕಟ್ಟಿಗೆಗೆ ಹೋಗೋದಕ್ಕೆ ಗಾಳಿ ಯಾಕೆ?" ಅಂದ. "ಹುಡುಗೀನ ಎಬ್ಬಿಸು. ನೀನು ಬಿಸಿ ಬಟ್ಟೆ ಹಾಕ್ಕೋ."

"ನಾನಾ?"

"ಮತ್ತೆ? ಎಂಟು ಬಾಕಿ ಇದೆ ಅಂದ್ಯಲ್ಲ."

"ಮಾವ, ನಂಗೆ ಬಂದೂಕು ಹಿಡಿಯೋಕೂ ಬರಲ್ಲ."

"ಹಿಡೀಬೇಡ. ಕೂತ್ಕೋ. ಹಕ್ಕಿ ಬೈಯುತ್ತೆ, ಬೈಸ್ಕೋ."

ಆಮೇಲೆ ಹೊಳೆಯ ಕಡೆ ತಿರುಗಿದ. ಬಲಗಣ್ಣಿಗೆ ನನ್ನ ಮುಖ ಸಿಗದ ಹಾಗೆ. "ಇಪ್ಪತ್ತೈದು ವರ್ಷ ದಾರಿ ತೋರಿಸ್ದೆ ಹ್ಯಾರಿಯೆಟ್. ಎಲ್ಲಾ ಗುರುತುಪರಿಚಯ ಇಲ್ಲದ ಜನಕ್ಕೆ. ಆ ವಿಮಾನ ಮೊದಲನೇ ಸಲ ಬಂದಾಗ ನಾನು ಇದೇ ದಡದಲ್ಲಿದ್ದೆ. ನಿಮ್ಮವ್ವ ನಿನ್ನ ಬಿಡಲಿಲ್ಲ, ಗಟ್ಟಿಯಾಗಿ ಹಿಡ್ಕೊಂಡಿದ್ಲು. ಅವಳ ಕೈ ಬಿಡಿಸಿದ್ದು ನಾನು. ನಿನ್ನ ಎತ್ತಿ ಒಳಗೆ ಕೂರಿಸಿದ್ದು ನಾನೇ. ಹೋದ್ರೆ ಓದ್ತಾಳೆ, ಹೋಗದಿದ್ರೆ ನಿಮ್ಮಪ್ಪನ್ನ ಜೈಲಿಗೆ ಹಾಕ್ತಾರೆ ಅಂದ್ರು. ನಂಗೂ ತಿಳೀಲಿಲ್ಲ. ಮಾರನೇ ವರ್ಷದಿಂದ ವಿಮಾನ ಬರೋ ಹೊತ್ತಿಗೆ ನಾನು ಶಿಬಿರಕ್ಕೆ ಓಡಿಹೋಗ್ತಿದ್ದೆ. ಇಪ್ಪತ್ತೈದು ವರ್ಷ ಓಡಿದೆ."

ಆ ಕಾಗದ ಹಿಡಿದು ಬಂದವನ ಮೇಲೆ ನನಗಿರುವ ಸಿಟ್ಟು ನಾನು ಸತ್ತ ಮೇಲೂ ಮಣ್ಣಿನಡಿ ಉರಿಯುತ್ತಿರುತ್ತದೆ. ಮಾವನ ಮೇಲೆ ಹುಡುಕಿದರೂ ಸಿಗಲಿಲ್ಲ. ಹೋಗಿ ಅವನ ಪಕ್ಕ ನಿಂತೆ. ಕಾಲ ಬಳಿ ಒಂದು ಬೇರು ಎದ್ದಿತ್ತು. ಕೆಮ್ಮಿದೆ.

ಮಾವ ಕಾಲು ಎತ್ತಿ ಅದನ್ನು ದಾಟಿದ. ಮೆಲ್ಲಗೆ ನಕ್ಕ.

ನಾವು ಹೊರಟಾಗ ದಡದಲ್ಲಿ ಅರ್ಧ ಊರು ನಿಂತಿತ್ತು, ನಮ್ಮನ್ನು ನೋಡದವರ ಹಾಗೆ. ಒಬ್ಬಳು ಒಣಗಿದ ಬಟ್ಟೆಯನ್ನೇ ಮತ್ತೆ ಒಣಗಿಸುತ್ತಿದ್ದಳು. ಮ್ಯಾಥ್ಯೂ ಇಂಜಿನ್ನಿಲ್ಲದ ಹಿಮಗಾಡಿಯನ್ನು ರಿಪೇರಿ ಮಾಡುತ್ತಿದ್ದ.

"ಎಲ್ಲಿಗೆ ಸವಾರಿ?" ಅಂದ, ತಲೆಯೆತ್ತದೆ.

"ಕಟ್ಟಿಗೆಗೆ!" ಅಂದಳು ವರ್ನಾ.

"ಸಿಗುತ್ತಾ?"

"ಯಾರಿಗೆ ಗೊತ್ತು," ಅಂದೆ ನಾನು. "ನಾವು ಬಡವರು, ಏನೂ ತಿಳೀದವರು."

ಮಾವ ಚುಕ್ಕಾಣಿ ಹಿಡಿದು ಕೂತಿದ್ದ, ಮುಂದೆ ವರ್ನಾ ಬಂಡೆಗಳನ್ನು ನೋಡಿ ಹೇಳುತ್ತಿದ್ದಳು, ನಡುವೆ ನಾನು, ತೊಡೆಯ ಮೇಲೆ ಹೊರೆದಾರ. ಮೊದಲ ತಿರುವು ದಾಟಿದೆವು. ಎರಡೂ ದಡದಲ್ಲಿ ಬರ್ಚ್ ಮರಗಳು ಹಳದಿಯಾಗಿ ನಿಂತಿದ್ದವು, ಎಲೆಗಳು ಒಂದೊಂದಾಗಿ ಬಂದು ದೋಣಿಯೊಳಗೆ ಬೀಳುತ್ತಿದ್ದವು, ನನ್ನ ಮಡಿಲಿಗೆ, ಮಾವನ ಬೂಟಿಗೆ. ಮೇಲಿನ ಹೊಳೆ ಈ ಕಾಲದಲ್ಲಿ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನೀರಿಗೆ ಬೇರೆ ವಾಸನೆ ಇತ್ತು. ದಡದಿಂದ ಬೂದುಹಕ್ಕಿಯೊಂದು ಕರ್ಕಶವಾಗಿ ಕೂಗಿತು.

"ಅದು ನಿನಗೆ ಬೈತಿದೆ ಅಮ್ಮಾ," ಅಂದಳು ವರ್ನಾ, ತಿರುಗದೆ.

ಆರು ದಿನ ಇದ್ದೆವು. ಏನಾಯಿತೆಂದು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮಾವ ಊರಿಗೆ ಮರಳಿದಾಗಲೂ ಯಾರಿಗೂ ಏನೂ ಹೇಳಲಿಲ್ಲ; ಜೆಮೈಮಾ ಅಜ್ಜಿಯ ಗುಡಾರದ ಬಾಗಿಲಲ್ಲಿ ಒಂದು ಗಂಟು ಇಟ್ಟು ಚಹಾ ಕೇಳಿದ, ಅಷ್ಟೆ. ಮುಂದಿನ ಎಲೆ ಉದುರುವ ಕಾಲಕ್ಕೆ ಅವನ ಕಣ್ಣು ಪೂರ್ತಿ ಹೋಗಿತ್ತು. ಆಗ ದೋಣಿಯ ಮುಂದೆ ಅವನನ್ನು ಕೂರಿಸಿ, ಚುಕ್ಕಾಣಿ ಹಿಡಿದವಳು ವರ್ನಾ.

ಹೊರೆದಾರ ಅವಳ ಹಾಸಿಗೆಯ ಮೇಲಿನ ಮೊಳೆಯಲ್ಲಿ ತೂಗುತ್ತಿದೆ. ಕೆಂಪು ಉಣ್ಣೆಗೆ ಕೊಬ್ಬು ಇಳಿದು ಕಪ್ಪಾಗಿದೆ. ತೊಳೆಯಬಾರದು ಎಂದು ಈಗ ನನಗೂ ಗೊತ್ತು.